ಮಾವನವರ ಪೆನ್ನು ಸೋರಿದ ಎರಡು ವರ್ಷ

ಜಮಖಂಡಿಯ ನೋಂದಣಿ ಕಚೇರಿಯ ಮುಂದೆ, ಬೇವಿನ ಗಿಡದ ಕೆಳಗೆ ಒಂದು ಗಿಡ್ಡ ಡೆಸ್ಕ್ ಇಟ್ಟುಕೊಂಡು ನನ್ನ ಮಾವನವರು ಪತ್ರ ಬರೆಯುತ್ತಿದ್ದರು. ಹೊಲದ ಖರೀದಿ ಪತ್ರ, ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವ ವಾಟ್ನಿ ಪತ್ರ, ಮುದುಕರ ಮೃತ್ಯುಪತ್ರ. ಅವರ ಅಕ್ಷರ ಕಂಡವರು ಮೊದಲು ಓದುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಬೀಳಗಿಯಲ್ಲಿ ನೋಂದಣಿ ಆಗಬೇಕಾದ ಪತ್ರವನ್ನೂ ಬಸ್ಸು ಹತ್ತಿ ಬಂದು ಇವರ ಕೈಯಿಂದಲೇ ಬರೆಸಿಕೊಂಡು ಹೋಗುವ ಮಂದಿ ಇದ್ದರು. ಅಂಥ ಅಕ್ಷರ ಅರ್ಧಕ್ಕೇ ನಿಂತುಹೋಗುವುದನ್ನು ತಪ್ಪಿಸಿದವಳು ನಾನು. ಹೀಗೆ ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ. ಮಾಡಿದ್ದನ್ನು ಮಾಡಿದೆ ಎನ್ನಲು ಯಾಕೆ ನಾಚಬೇಕು? ಜೊತೆಗೆ ಮಾಡಬಾರದ್ದನ್ನೂ ಮಾಡಿದ್ದೆ. ಅದನ್ನೂ ಮುಚ್ಚಿಡುವುದಿಲ್ಲ.

ನನ್ನ ತವರು ಬನಹಟ್ಟಿ. ಮನೆಯಲ್ಲಿ ಮಗ್ಗ ಇದ್ದವು. ಆ ಸಪ್ಪಳದ ಮೇಲೆ ದನಿ ಏರಿಸಿ ಮಾತಾಡಿ ಬೆಳೆದವಳಾದ್ದರಿಂದ ಇವತ್ತಿಗೂ ನಾನು ಗುಟ್ಟು ಹೇಳಿದರೆ ಪಕ್ಕದ ಮನೆಗೆ ಕೇಳುತ್ತದೆ. ಹೆಣ್ಣುಮಕ್ಕಳ ಸಾಲೆಯಲ್ಲಿ ಮೆಟ್ರಿಕ್ ತನಕ ಓದಿದೆ. ನಮ್ಮ ವರ್ಗದಲ್ಲಿ ಯಾರ ಪೆನ್ನು ಬರೆಯದೆ ನಿಂತರೂ, ಯಾರ ಪೆನ್ನು ಸೋರಿದರೂ ಅದು ನನ್ನ ಬೆಂಚಿಗೆ ಬರುತ್ತಿತ್ತು. ಯಾರೂ ಕಲಿಸಿದ್ದಲ್ಲ. ನನ್ನವೇ ಮೂರು ಪೆನ್ನು ಬಿಚ್ಚಿ, ಕೆಡಿಸಿ, ಅವ್ವನ ಕೈಯಿಂದ ಬೆನ್ನಿಗೆ ಬಿದ್ದ ಮೇಲೆ ಬಂದ ವಿದ್ಯೆ. ಮಗ್ಗದಲ್ಲಿ ಕಡಿದ ಎಳೆಯನ್ನು ಕಣ್ಣು ಮುಚ್ಚಿ ಹುಡುಕಿ ಗಂಟು ಹಾಕುವ ಬೆರಳಿಗೆ ನಿಬ್ಬಿನ ಸೀಳು ಏನು ಮಹಾ? ನಿಬ್ಬಿನ ಸೀಳಿನಲ್ಲಿ ಒಂದು ರೇಷ್ಮೆ ಎಳೆ ಹಾಕಿ ಎಳೆದರೆ ಪೆನ್ನಿನ ಬೇನೆ ತಿಳಿಯುತ್ತಿತ್ತು. ಎಳೆ ಹೋಗದಿದ್ದರೆ ಕಸ ಕೂತಿದೆ, ಸಲೀಸಾಗಿ ಹೋದರೆ ಸೀಳು ಬಾಯಿ ಬಿಟ್ಟಿದೆ, ತುಸು ಹಿಡಿದು ಹಿಡಿದು ಹೋದರೆ ಪೆನ್ನು ಸುಖವಾಗಿದೆ.

ಎಪ್ಪತ್ತರ ದಶಕದಲ್ಲಿ ಲಗ್ನವಾಗಿ ಜಮಖಂಡಿಗೆ ಬಂದೆ. ಬನಹಟ್ಟಿಯಿಂದ ಜಮಖಂಡಿ ದೂರವೇನಲ್ಲ, ಆದರೆ ಮಗ್ಗದ ಮನೆಯಿಂದ ಪೆನ್ನಿನ ಮನೆ ಬಹಳ ದೂರ. ಇಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ಗಂಡ ಮುಧೋಳದ ಒಂದು ಸಾಲೆಯಲ್ಲಿ ಮಾಸ್ತರ, ಮುಂಜಾನೆ ಬಸ್ಸಿಗೆ ಹೋದರೆ ಸಂಜೆಗೆ ಬರುವವರು. ಮನೆಯಲ್ಲಿ ಉಳಿಯುತ್ತಿದ್ದವರು ನಾನು, ಅತ್ತೆಯವರು, ಮತ್ತು ಮಧ್ಯಾಹ್ನ ಊಟಕ್ಕೆ ಬಂದು ಅರ್ಧ ತಾಸು ಅಡ್ಡಾಗುವ ಮಾವನವರು.

ಮಾವನವರ ಪೆನ್ನು ಕಪ್ಪಗೆ, ಹೆಬ್ಬೆರಳಿನಷ್ಟು ದಪ್ಪ ಇತ್ತು. ಕೆಳಗಿನ ಕೊಳವೆಗೆ ಡ್ರಾಪರಿನಿಂದ ಶಾಯಿ ಬಿಟ್ಟು ಮೇಲೆ ನಿಬ್ಬಿನ ಭಾಗವನ್ನು ತಿರುವಿ ಮುಚ್ಚುವಂಥ ಹಳೆಯ ಪೆನ್ನು. ಅದನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. ಸಹಿ ಮಾಡಲು ಬಂದ ಪಕ್ಷಗಾರರಿಗೆ ಕೊಡಲು ಬೇರೆ ಒಂದು ಪೆನ್ನು ಇಟ್ಟಿದ್ದರು. ಇವರ ಪೆನ್ನು ಕೇಳುವುದೂ ಒಂದೇ, ನಿಮ್ಮ ಹಲ್ಲು ಸ್ವಲ್ಪ ಕೊಡ್ರಿ ಎನ್ನುವುದೂ ಒಂದೇ.

ಪೆನ್ನು ಸೋರುವ ಸುದ್ದಿ ಮೊದಲು ಗೊತ್ತಾದದ್ದು ಅಂಗಿ ಒಗೆಯುವ ನನಗೆ. ಬಿಳಿ ಅಂಗಿಯ ಕಿಸೆಯ ತಳದಲ್ಲಿ ಪೈಸೆಯಷ್ಟು ನೀಲಿ. ಲಿಂಬೆಹಣ್ಣು, ಉಪ್ಪು ಹಚ್ಚಿ ತಿಕ್ಕಿ ಬಿಸಿಲಿಗೆ ಹಾಕಿದೆ. ವಾರದ ಮೇಲೆ ಮತ್ತೆ ಅದೇ ನೀಲಿ, ಈ ಸಲ ಅಂಗೈಯಷ್ಟು. ಆಮೇಲೆ ಕಾಗದದ ಮೇಲೂ ಶಾಯಿ ಬೀಳತೊಡಗಿತು. ಛಾಪಾ ಕಾಗದದ ಮೇಲೆ ಒಂದು ಹನಿ ಬಿದ್ದರೂ ಅದು ಹನಿಯಲ್ಲ, ತಕರಾರು. ಇಂಥ ಸಾಲಿನಲ್ಲಿ ಶಾಯಿ ಬಿದ್ದಿದೆ, ಇಂಥ ಅಕ್ಷರ ತಿದ್ದಿದೆ ಎಂದು ಕೊನೆಗೆ ಬರೆದು ಎಲ್ಲರ ಸಹಿ ಹಾಕಿಸಬೇಕು. ಒಮ್ಮೆ ಆದರೆ ಯಾರೂ ಏನೂ ಅನ್ನುವುದಿಲ್ಲ. ಪ್ರತಿ ಪತ್ರದಲ್ಲೂ ಆದರೆ ಮಂದಿ ಸುಮ್ಮನಿರುತ್ತಾರೆಯೇ?

"ರೈಟರ ಕೈ ನಡಗಾಕತ್ತಾವ" ಎಂಬ ಮಾತು ಬೇವಿನ ಗಿಡದ ಕೆಳಗೆ ಹುಟ್ಟಿ, ಚಹಾದ ಅಂಗಡಿ ಸುತ್ತಿ, ನಮ್ಮ ಓಣಿಗೆ ಬಂತು. ನೀರಿಗೆ ಹೋದಾಗ ಒಬ್ಬಾಕೆ ನನಗೇ ಕೇಳಿದಳು, "ನಿಮ್ಮ ಮಾವಾಗ ಏನ ಆಗೇತಿ ಬೇ? ವಯಸ್ಸಾತು, ಇನ್ನ ಮನ್ಯಾಗ ಕುಂಡ್ರಸ್ರಿ." ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಖರೆ ಹೇಳಬೇಕೆಂದರೆ, ಆಕೆ ಹೇಳಿದ್ದನ್ನು ನಾನೂ ನಂಬಿದ್ದೆ. ಪೆನ್ನಿನ ವಿದ್ಯೆ ಬಲ್ಲವಳಾಗಿಯೂ ಎರಡು ವರ್ಷ ಅಂಗಿ ತಿಕ್ಕುತ್ತಾ ಸುಮ್ಮನಿದ್ದೆ. ಅರವತ್ತೈದು ದಾಟಿದ ಕೈ, ಸೋತಿರಬಹುದು ಅಂದುಕೊಂಡೆ.

ಮಾವನವರೂ ನಂಬಿದರು. ಯಾರಾದರೂ ಎದುರಿಗೆ ಕೂತರೆ ಬಲಗೈಯನ್ನು ಟವೆಲ್ಲಿನ ಕೆಳಗೆ ಇಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡರು. ಮಾತು ಕಡಿಮೆಯಾಯಿತು. ಒಂದು ಶನಿವಾರ ಊಟಕ್ಕೆ ಕೂತವರು ರೊಟ್ಟಿ ಮುರಿಯದೆ ಹೇಳಿದರು, "ಇನ್ನ ನಾ ಗಿಡದ ಕೆಳಗ ಕುಂಡ್ರೂದಿಲ್ಲ. ಕೈ ಸೋತಾವ. ಗಲಗಲಿಯವರ ವಾಟ್ನಿ ಒಂದ ಸೋಮವಾರ ಬರದ ಕೊಟ್ಟ ಬಿಡ್ತೀನಿ."

ಗಲಗಲಿಯ ನಾಲ್ವರು ಅಣ್ಣತಮ್ಮಂದಿರು ಆ ಮುಂಜಾನೆಯೇ ಮನೆಗೆ ಬಂದು ಹೋಗಿದ್ದರು. ಹೊಳೆದಂಡೆಯ ಹೊಲ ನಾಲ್ಕು ಪಾಲು ಆಗಬೇಕಿತ್ತು. ಕಿರಿಯವನು, ಕೈ ನಡಗತಾವಂತ, ಬ್ಯಾರೆಯವರ ಕಡೆ ಬರೆಸೋಣು ಎಂದಿದ್ದನಂತೆ. ಹಿರಿಯವನು ಅದನ್ನು ಮಾವನವರ ಮುಂದೆಯೇ ಹೇಳಿ, "ನಮ್ಮಪ್ಪನ ಖರೀದಿ ಪತ್ರ ನೀವ ಬರದೀರಿ. ಇದನ್ನೂ ನೀವ ಬರೀಬೇಕ್ರಿ" ಎಂದು ಪಟ್ಟು ಹಿಡಿದಿದ್ದ. ಎಂಟು ಹಾಳೆಯ ಪತ್ರ. ಎಂಟರಲ್ಲಿ ಎರಡು ಹಾಳೆ ಕೆಟ್ಟರೂ ಕಿರಿಯವನ ಮಾತೇ ಖರೆಯಾಗುತ್ತಿತ್ತು. ಅಷ್ಟು ವರ್ಷ ತಲೆ ಎತ್ತಿ ಬರೆದವರು ಆ ಮಾತಿನೊಂದಿಗೆ ಕಚೇರಿ ಬಿಟ್ಟು ಬರಬೇಕಾಗುತ್ತಿತ್ತು. ಆ ಊಟ ಯಾರಿಗೂ ರುಚಿಸಲಿಲ್ಲ.

ಮರುದಿನ ಐತವಾರ. ಮಧ್ಯಾಹ್ನ ಅತ್ತೆಯವರು ಕೌದಿ ಹೊಲಿಯುತ್ತಾ ಕೂತಿದ್ದರು. ಸೂಜಿಗೆ ದಾರ ಪೋಣಿಸಲು ಅವರ ಕಣ್ಣಿಗೆ ಆಗುತ್ತಿರಲಿಲ್ಲ. ನಾನು ಜೋಳ ಹಸನು ಮಾಡುತ್ತಿದ್ದೆ, ಕೈಯೆಲ್ಲ ಧೂಳು. ಅತ್ತೆಯವರು ಸೂಜಿಯನ್ನು ಮಾವನವರ ಕಡೆ ಚಾಚಿದರು. ಅವರು ಕನ್ನಡಕ ಏರಿಸಿ, ದಾರದ ತುದಿಯನ್ನು ತುಟಿಗೆ ತಾಗಿಸಿ, ಒಂದೇ ಸಲಕ್ಕೆ ಪೋಣಿಸಿ ಕೊಟ್ಟು ಒಳಗೆ ಹೋಗಿ ಅಡ್ಡಾದರು.

ನಾನು ಮೊರ ಕೆಳಗಿಟ್ಟೆ. ನೇಕಾರರ ಮಗಳಿಗೆ ಬೇರೆ ಏನು ಸಾಕ್ಷಿ ಬೇಕು? ಸೂಜಿಯ ಕಣ್ಣಿಗೆ ಒಂದೇ ಸಲ ದಾರ ಹಾಕಿದ ಕೈ ನಡುಗುವ ಕೈ ಅಲ್ಲ. ನಮ್ಮೆಲ್ಲರಿಗೂ ಬುದ್ಧಿ ಇರಲಿಲ್ಲ, ಅಷ್ಟೆ. ಕೈ ತೊಳೆದುಕೊಂಡು, ಗೂಟಕ್ಕೆ ಹಾಕಿದ್ದ ಅಂಗಿಯ ಕಿಸೆಯಿಂದ ಪೆನ್ನು ತೆಗೆದೆ. ಅತ್ತೆಯವರು, "ಏ ಬೇ, ಅದನ್ಯಾಕ ಮುಟ್ಟತಿ? ಎದ್ದರಂದ್ರ ಮನಿ ಹಾರಸ್ತಾರ" ಎಂದು ಹೆದರಿದರು. "ಹಾರಸ್ಲಿ ಬಿಡ್ರಿ ಅತ್ಯಾರ, ಪೆನ್ನರ ಸುಧಾರಿಸೀತು" ಎಂದೆ. ಆ ಹೊತ್ತಿಗೆ ನನ್ನಲ್ಲಿ ಭಯಕ್ಕಿಂತ ಹುರುಪೇ ಹೆಚ್ಚಿತ್ತು.

ಹಿತ್ತಲಲ್ಲಿ ಕೂತು, ಶಾಯಿಯನ್ನು ಬಟ್ಟಲಿಗೆ ಸುರಿದು, ಉಗುರು ಬೆಚ್ಚಗಿನ ನೀರಲ್ಲಿ ನಿಬ್ಬಿನ ಭಾಗ ನೆನೆಹಾಕಿದೆ. ಮೆತ್ತಗಿನ ಅರಿವೆಯಲ್ಲಿ ಹಿಡಿದು ಸಾವಕಾಶ ಎಳೆದಾಗ ನಿಬ್ಬು, ಅದರ ಕೆಳಗಿನ ಕಪ್ಪು ನಾಲಿಗೆ, ಎರಡೂ ಹೊರಬಂದವು. ಶಾಯಿ ಹರಿದು ನಿಬ್ಬಿಗೆ ಬರುವುದು ಆ ನಾಲಿಗೆಯ ಮೇಲಿನ ಸಣ್ಣ ಗೆರೆಯಂಥ ಕಾಲುವೆಯಲ್ಲಿ. ನೋಡಿದರೆ ಕಾಲುವೆಯ ತುಂಬ ಬಿಳಿ ಗಾರೆ ಮೆತ್ತಿದಂತೆ ಏನೋ ಗಟ್ಟಿಯಾಗಿ ಕೂತಿತ್ತು. ಒಣಗಿದ ಶಾಯಿ ನೀಲಿ ಇರಬೇಕು, ಇದು ಬಿಳಿ. ಉಗುರಿನಿಂದ ತುಸು ಕೆರೆದು ಬೆರಳಲ್ಲಿ ತಿಕ್ಕಿದೆ. ನುಣ್ಣಗೆ ಬೂದಿ. ಮೂಸಿ ನೋಡಿದೆ.

ವಿಭೂತಿ.

ಅದನ್ನು ಅಲ್ಲಿ ಹಾಕಿದವಳು ನಾನು.

ನಮ್ಮ ಕಡೆ ನವರಾತ್ರಿಯಲ್ಲಿ ಖಂಡೇ ಪೂಜೆ ಮಾಡುತ್ತಾರೆ, ಅನ್ನ ಕೊಡುವ ಸಾಮಾನಿಗೆ ಪೂಜೆ. ತವರಿನಲ್ಲಿ ಮಗ್ಗಕ್ಕೆ ಮಾಡುತ್ತಿದ್ದೆವು. ಮಗ್ಗಕ್ಕೆ ವಿಭೂತಿ ಹಚ್ಚುವಾಗ ಎಲ್ಲೆಂದರಲ್ಲಿ ಹಚ್ಚುವುದಿಲ್ಲ. ದುಡಿಯುವ ಜಾಗಕ್ಕೆ ಹಚ್ಚಬೇಕು ಎಂದು ಅವ್ವ ಹೇಳಿಕೊಟ್ಟಿದ್ದಳು. ಲಾಳಿಗೆ ಹಚ್ಚಿದರೆ ಅದರ ಎರಡೂ ಮೊನೆಗೆ. ಈ ಮನೆಯಲ್ಲಿ ಅತ್ತೆಯವರು ಪೆನ್ನಿನ ಪೂಜೆಯನ್ನು ಟೊಪ್ಪಿಗೆಯ ಮೇಲೆ ಮೂರು ಬೆರಳು ಎಳೆದು ಮುಗಿಸುತ್ತಿದ್ದರಂತೆ. ನಾನು ಬಂದ ವರ್ಷ ಪೂಜೆಯನ್ನು ಹೊಸ ಸೊಸೆಗೆ ಬಿಟ್ಟರು. ನಾನೋ ಬನಹಟ್ಟಿಯ ಶಿಸ್ತಿನವಳು. ಟೊಪ್ಪಿಗೆ ತೆಗೆದು, ಪೆನ್ನು ದುಡಿಯುವುದು ನಿಬ್ಬಿನಿಂದ ತಾನೆ ಎಂದು, ವಿಭೂತಿಯನ್ನು ನೀರಲ್ಲಿ ಕಲಸಿ ನಿಬ್ಬಿಗೇ ದಪ್ಪಗೆ ಬಳಿದು, ಮೇಲೊಂದು ತೊಟ್ಟು ಎಣ್ಣೆ ಬಿಟ್ಟು, ಕುಂಕುಮ ಹಚ್ಚಿ, ಉದುರಬಾರದೆಂದು ಟೊಪ್ಪಿಗೆ ಬಿಗಿಯಾಗಿ ಮುಚ್ಚಿದ್ದೆ. ಮರುವರ್ಷವೂ ಅದನ್ನೇ ಮಾಡಿದ್ದೆ. ವರ್ಗದ ಪೆನ್ನುಗಳನ್ನೆಲ್ಲ ಸುಧಾರಿಸಿದವಳು ಮನೆಯ ಪೆನ್ನಿನ ಬಾಯಿಗೆ ಗಾರೆ ಹಾಕಿದ್ದೆ! ಇನ್ನೊಬ್ಬಳು ಮಾಡಿದ್ದರೆ ಓಣಿಗೆಲ್ಲ ಕೇಳುವಂತೆ ನಕ್ಕಿರುತ್ತಿದ್ದೆ.

ಮುಂದಿನದು ತಾನಾಗಿಯೇ ತಿಳಿಯಿತು. ಪೂಜೆಯ ಮರುದಿನ ಪೆನ್ನು ಬರೆದಿರಲಿಕ್ಕಿಲ್ಲ. ಮಾವನವರು ಮೇಲಿನ ವಿಭೂತಿ ಒರೆಸಿ ಝಾಡಿಸಿದ್ದಾರೆ. ಆಗದಿದ್ದಾಗ ಬ್ಲೇಡಿನ ಮೂಲೆಯಿಂದ ಸೀಳನ್ನು ಕೆರೆದಿದ್ದಾರೆ. ಕಸ ನಾಲಿಗೆಯಲ್ಲಿ, ಕೆರೆದದ್ದು ನಿಬ್ಬನ್ನು. ಒಂದು ರೇಷ್ಮೆ ಎಳೆ ತಡೆದು ತಡೆದು ಹೋಗಬೇಕಾದ ಸೀಳಿನಲ್ಲಿ ಈಗ ನನ್ನ ಸೆರಗಿನ ಕುಚ್ಚಿನಿಂದ ಕಿತ್ತ ಮೂರು ಎಳೆ ಒಟ್ಟಿಗೆ ಹೋದವು. ಹೀಗಾಗಿ ಪೆನ್ನು ಒಮ್ಮೆ ಒಣಗುತ್ತಿತ್ತು, ಒಮ್ಮೆ ದಬಕ್ಕನೆ ಸುರಿಯುತ್ತಿತ್ತು.

ಹಾಗೆ ಎಲ್ಲವನ್ನೂ ಒದ್ದೆ ಅರಿವೆಯ ಮೇಲೆ ಹರವಿಕೊಂಡು ಕೂತಿದ್ದಾಗ ಹಿಂದೆ ಕೆಮ್ಮು ಕೇಳಿತು. ಮಾವನವರು ಬಾಗಿಲಲ್ಲಿ ನಿಂತಿದ್ದರು.

"ಏನ ಮಾಡಾಕತ್ತಿ?"

ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಸುಳ್ಳು ಹೇಳುವ ವಿಚಾರ ಬಂದದ್ದು ಖರೆ. ಹಳೇ ಪೆನ್ನು, ಕಸ ಕೂತಿತ್ತು ಎಂದರೆ ಮುಗಿಯುತ್ತಿತ್ತು. ಆದರೆ ಕೈಯಲ್ಲಿ ಆ ನಾಲಿಗೆ ಹಿಡಿದು ಸುಳ್ಳು ಬಾಯಿಗೆ ಬರಲಿಲ್ಲ. "ಮಾವಾರ, ನಿಮ್ಮ ಕೈಗೆ ಏನೂ ಆಗಿಲ್ರಿ. ಪೆನ್ನಿನ ತಪ್ಪು. ಪೆನ್ನಿಂದೂ ಅಲ್ಲ, ನಂದು. ಖಂಡೇ ಪೂಜಿಗೆ ನಿಬ್ಬಿಗೆ ವಿಭೂತಿ ಹಚ್ಚಿದಾಕಿ ನಾನ ರೀ" ಎಂದು ಒಂದೇ ಉಸಿರಿಗೆ ಎಲ್ಲ ಹೇಳಿ, ಬಿಳಿ ಮೆತ್ತಿದ ನಾಲಿಗೆಯನ್ನು ಅಂಗೈಯಲ್ಲಿ ಚಾಚಿದೆ.

ಅವರು ಬಂದು ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಅದನ್ನೇ ನೋಡಿದರು. ಬೈಗುಳಕ್ಕೆ ನಾನು ತಲೆ ಬಗ್ಗಿಸಿ ತಯಾರಾದೆ. ಅವರು ಟವೆಲ್ಲಿನ ಕೆಳಗಿನಿಂದ ಬಲಗೈ ತೆಗೆದು, ಬಿಸಿಲಿಗೆ ಚಾಚಿ, ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಎರಡ ವರ್ಷ ಇದನ್ನ ಬೈದೆನಲ್ಲ" ಎಂದರು. ಅವರ ಕಣ್ಣು ಒದ್ದೆಯಾದದ್ದನ್ನು ನಾನು ಕಂಡೆ. ಬೈದಿದ್ದರೆ ಮರೆತುಬಿಡುತ್ತಿದ್ದೆ, ಇದನ್ನು ಮರೆಯಲಾಗಿಲ್ಲ.

ಆಮೇಲೆ, "ಸುಧಾರಿಸ್ತೀ?" ಎಂದು ಕೇಳಿದರು.

"ಸುಧಾರಿಸ್ತೇನ್ರಿ."

ನಾಲಿಗೆಯ ಕಾಲುವೆಯನ್ನು ದಾರದಿಂದ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ, ಮತ್ತೆ ದಾರದಿಂದ ತಿಕ್ಕಿ ಕಪ್ಪಗೆ ಮಾಡಿದೆ. ಎಣ್ಣೆ ಹೋಗಲು ಸಾಬೂನಿನ ನೀರಲ್ಲಿ ಮೂರು ಸಲ ತೊಳೆದೆ. ಸೀಳಿನ ಕೆಲಸ ನಾಜೂಕು. ನಿಬ್ಬಿನ ಎರಡು ತುಟಿಗಳನ್ನು ಒಂದರ ಮೇಲೊಂದು ಕೂದಲೆಳೆಯಷ್ಟು ಏರಿಸಿ ಒತ್ತಿ ಹಿಡಿದು ಬಿಡಬೇಕು, ಮತ್ತೆ ಅದಲುಬದಲು ಮಾಡಿ ಬಿಡಬೇಕು. ಜೋರು ಮಾಡಿದರೆ ನಿಬ್ಬು ಮುಗಿಯಿತು. ಹತ್ತು ಸಲ ಮಾಡಿದ ಮೇಲೆ ಮೂರು ಎಳೆ ಹೋಗದಾದವು, ಇನ್ನೂ ನಾಲ್ಕು ಸಲಕ್ಕೆ ಒಂದೇ ಎಳೆ ಹಿಡಿದು ಹಿಡಿದು ಹೋಯಿತು. ಕೊಳವೆಯ ತಿರುಪಿಗೆ ತೆಳ್ಳಗೆ ಮೇಣ ತಿಕ್ಕಿ ಎಲ್ಲವನ್ನೂ ಜೋಡಿಸಿದೆ. ಮಾವನವರು ಒಂದು ಕ್ಷಣವೂ ಕಣ್ಣು ತೆಗೆಯಲಿಲ್ಲ.

ಶಾಯಿ ತುಂಬುವುದು ತಮ್ಮ ಕೆಲಸ ಎಂದು ಅವರು ಡ್ರಾಪರು ತಗೊಂಡು ಎರಡೇ ಎರಡು ಸಲ ಬಿಟ್ಟು ಮುಚ್ಚಿದರು. ಕೈಯಲ್ಲಿ ಹಿಡಿದು ಎರಡು ಸಾಲು ಬರೆದರು. ಚೆಂದಾಗಿ ಬಂತು. ಮೂರನೆಯ ಸಾಲಿಗೆ ಟಪ್ ಎಂದು ಹನಿ ಬಿತ್ತು.

ಅವರು ಪೆನ್ನು ಕೆಳಗಿಟ್ಟರು. "ಬಿಡು ತಂಗೀ" ಎಂದರು. ಆ ದನಿ ಕೇಳಿ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಬಿಡೂದಿಲ್ರಿ. ಎಷ್ಟ ಶಾಯಿ ಹಾಕಿದ್ರಿ?" ಎಂದು ಕೇಳಿದೆ. ಸೋರಲು ಶುರುವಾದಾಗಿನಿಂದ ಅವರು ದಿನಕ್ಕೆ ಸಾಕಾಗುವಷ್ಟೇ ಹಾಕುತ್ತಿದ್ದರಂತೆ. ಕಡಿಮೆ ಹಾಕಿದರೆ ಕಡಿಮೆ ಸೋರುತ್ತದೆ ಎಂಬ ಲೆಕ್ಕ. ಎಂಥವರಿಗೂ ಹಾಗೇ ಅನಿಸುತ್ತದೆ. ಆದರೆ ಇಂಥ ಪೆನ್ನಿನಲ್ಲಿ ಅದು ಉಲ್ಟಾ. ಶಾಯಿ ಕಡಿಮೆ ಇದ್ದಷ್ಟೂ ಕೊಳವೆಯೊಳಗೆ ಗಾಳಿ ಹೆಚ್ಚು. ಕೈಯ ಕಾವಿಗೆ, ನಮ್ಮ ಕಡೆಯ ಬಿಸಿಲಿಗೆ ಆ ಗಾಳಿ ಉಬ್ಬಿ ಶಾಯಿಯನ್ನು ಹೊರಗೆ ನೂಕುತ್ತದೆ. ಸಾಲೆಯಲ್ಲಿ ಇದನ್ನು ನಾನು ಉಟ್ಟ ಪರಕಾರದ ತುಂಬ ಶಾಯಿ ಚೆಲ್ಲಿಕೊಂಡು ಕಲಿತಿದ್ದೆ.

"ಕುತ್ತಿಗಿ ಮಟ ತುಂಬಸ್ರಿ" ಎಂದೆ.

"ತುಂಬಿಸಿದ್ರ ಕಾಗದದ ಮ್ಯಾಲ ಹೊಳಿ ಬರತೈತಿ."

"ಬಂದ್ರ ನಾ ಬನಹಟ್ಟಿಗೆ ಹೊಕ್ಕೀನ್ರಿ."

ಅತ್ತೆಯವರು ಬಾಯಿಗೆ ಸೆರಗು ಹಿಡಿದು ನಕ್ಕರು. ಮಾವನವರು ನನ್ನನ್ನು ಒಮ್ಮೆ ದಿಟ್ಟಿಸಿ ನೋಡಿ, ಕುತ್ತಿಗೆಯ ತನಕ ಶಾಯಿ ತುಂಬಿಸಿ ಮುಚ್ಚಿದರು. ಒಂದು ಹಾಳೆ ಬರೆದರು. ಎರಡನೆಯದು ಬರೆದರು. ಪೆನ್ನನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ನಿಬ್ಬು ಕೆಳಗೆ ಮಾಡಿ ಬಿಸಿಲಲ್ಲಿ ಹಿಡಿದು ನಿಂತರು. ಒಂದು ಹನಿಯೂ ಬೀಳಲಿಲ್ಲ.

ಸೋಮವಾರ ಎಂಟು ಹಾಳೆ ಬರೆದರು. ಗಲಗಲಿಯ ಕಿರಿಯ ತಮ್ಮ ಪಕ್ಕದಲ್ಲೇ ಕೂತು ಕಾಗದ ಕಾಯುತ್ತಿದ್ದನಂತೆ. ಎಂಟನೆಯ ಹಾಳೆ ಮುಗಿದಾಗ ಅವನೇ ಎದ್ದು ಹೋಗಿ ಚಹಾ ತಂದನಂತೆ. ಇದನ್ನು ಮಾವನವರು ಹೇಳಲಿಲ್ಲ, ಚಹಾದ ಅಂಗಡಿಯ ಕಡೆಯಿಂದ ಬಂತು. ಮಾವನವರು ಸಂಜೆ ಬಂದು ಅಂಗಿ ಬಿಚ್ಚಿ ನನ್ನ ಕೈಗೇ ಕೊಟ್ಟರು. ಕಿಸೆ ಹಾಲಿನಂತೆ ಬೆಳ್ಳಗಿತ್ತು. ನಾನು ಅದನ್ನು ಅತ್ತೆಯವರಿಗೂ ತೋರಿಸಿದೆ, ಗಂಡನಿಗೂ ತೋರಿಸಿದೆ. ಬೇರೆ ಯಾರಾದರೂ ಬಂದಿದ್ದರೆ ಅವರಿಗೂ ತೋರಿಸುತ್ತಿದ್ದೆ.

ಮೂರು ದಿನದ ಮೇಲೆ ಕಚೇರಿಯ ಒಬ್ಬ ಗುಮಾಸ್ತ ನಮ್ಮ ಕಟ್ಟೆಗೆ ಬಂದು, "ಪೆನ್ನ ನಿಂತೈತ್ರೀ ಅಕ್ಕಾರ, ರೈಟರು ಕಳಸ್ಯಾರ" ಎಂದ. ಆಮೇಲೆ ಒಬ್ಬ ಮಾಸ್ತರು, ಆಮೇಲೆ ಮುಧೋಳದಿಂದ ಗಂಡನ ಕೈಯಲ್ಲಿ ನಾಲ್ಕು ಪೆನ್ನು. ಮಾವನವರು ಗಿಡದ ಕೆಳಗೆ ಎಲ್ಲರ ಮುಂದೆ, "ಕೆಡಿಸಿದಾಕಿನೂ ನಮ್ಮ ಸೊಸಿ, ಸುಧಾರಿಸಿದಾಕಿನೂ ನಮ್ಮ ಸೊಸಿ" ಎಂದು ಹೇಳಿ ನಗುತ್ತಿದ್ದರಂತೆ. ಮನೆಯ ಹೆಂಗಸರ ವಿಷಯ ಕಚೇರಿಯಲ್ಲಿ ಎತ್ತದ ಮನುಷ್ಯ. ನನಗೆ ಅದಕ್ಕಿಂತ ದೊಡ್ಡ ಬಹುಮಾನ ಸಿಕ್ಕಿಲ್ಲ. ಇನ್ನು ಸಿಗುವುದೂ ಇಲ್ಲ.

ಅಲ್ಲಿಂದ ಹನ್ನೊಂದು ವರ್ಷ ಬರೆದರು. ತಿಂಗಳಿಗೊಮ್ಮೆ ಪೆನ್ನನ್ನು ತಾವಾಗಿಯೇ ನನ್ನ ಮುಂದೆ ಇಡುತ್ತಿದ್ದರು, ನಾನು ತೊಳೆದು ಕೊಡುತ್ತಿದ್ದೆ. ಒಂದು ದಿನ ಹೊತ್ತಲ್ಲದ ಹೊತ್ತಿಗೆ ಕಚೇರಿಯಿಂದ ಬಂದರು. ತಿಂಗಳು ತುಂಬಿರಲಿಲ್ಲ. ಪೆನ್ನು ಇಟ್ಟು, "ಅಕ್ಷರ ಕೆಡಾಕತ್ತಾವ, ನೋಡು ತಂಗೀ" ಎಂದರು. ಬಿಚ್ಚಿ ನೋಡಿದೆ. ನಾಲಿಗೆ ಹಸನಾಗಿತ್ತು. ಎಳೆ ಹಿಡಿದು ಹಿಡಿದು ಹೋಯಿತು. ಶಾಯಿ ಕುತ್ತಿಗೆಯ ತನಕ ಇತ್ತು. ಹೊತ್ತು ಕಳೆಯಲು ಇನ್ನೊಮ್ಮೆ ತೊಳೆದೆ. ಅವರು ಕಾಯುತ್ತಾ ಕೂತಿದ್ದರು. ತುಸು ಕಸ ಇತ್ತು ಎಂದು ಸುಳ್ಳು ಹೇಳಿದ್ದರೆ ಮರುದಿನ ಖುಷಿಯಿಂದ ಮತ್ತೆ ಗಿಡದ ಕೆಳಗೆ ಹೋಗಿ, ಮತ್ತೆ ಕಾಗದ ಕೆಡಿಸಿಕೊಂಡು, ಮಂದಿಯ ಬಾಯಿಗೆ ಬೀಳುತ್ತಿದ್ದರು.

"ಪೆನ್ನ ಸರಿ ಐತ್ರಿ ಮಾವಾರ" ಎಂದೆ.

"ಖರೇ?"

"ಖರೇನ ರೀ."

ಅವರು ಬಲಗೈಯನ್ನು ಮೊಣಕಾಲಿನ ಮೇಲೆ ಇಟ್ಟು ನೋಡಿದರು. ಅದು ಮೆಲ್ಲಗೆ ನಡುಗುತ್ತಿತ್ತು. ಮುಚ್ಚಿಕೊಳ್ಳಲಿಲ್ಲ. "ಹಂಗಾರ ಕೈ ಸೋತದ್ದು ಖರೆ ಅನ್ನು" ಎಂದರು. ನಾನು ಪೆನ್ನು ಒರೆಸಿ ಅವರ ಮುಂದೆ ಇಟ್ಟೆ. ಅವರು ಮುಂದುವರಿಸಿದರು:

"ಆವತ್ತ ಊರೆಲ್ಲಾ ಹೇಳತಿತ್ತು, ಬಿಟ್ಟಿದ್ರ ಸೋತ ಬಿಟ್ಟಂಗಾಗತಿತ್ತು. ಇವತ್ತ ನೀ ಹೇಳಿದಿ. ಈಗ ಬಿಡ್ತೀನಿ."